ಮಳೆಗಾಲದಲ್ಲಿ ಕಚೇರಿಗೆ ಸೈಕಲ್: ಒಂದು ಪ್ರತಿಕ್ರಿಯೆ

ಶಿವಮೊಗ್ಗದ ವಿನೋಬನಗರದಿಂದ ಗೋಪಿ ವೃತ್ತದ ಬಳಿಯ ಕಚೇರಿಗೆ ಮಳೆಗಾಲದಲ್ಲೂ ಸೈಕಲ್ಲಿನಲ್ಲಿ ಹೋಗಬಹುದೇ, ಗೇರ್ ಇರಲೇಬೇಕೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಬಹುದು. ನಮ್ಮದು ಮಲೆನಾಡಿನ ಹೆಬ್ಬಾಗಿಲಷ್ಟೇ, ಆಗುಂಬೆಯಲ್ಲ. ಮಳೆಯೂ ಅಷ್ಟಿಲ್ಲ, ಘಾಟಿಯೂ ಇಲ್ಲ. ಗೇರಿಗೆ ಕೊಡುವ ದುಡ್ಡಿನಲ್ಲಿ ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡ್ ಹಾಕಿಸಿ. ಅದಿಲ್ಲದೆ ಹೋದ ಮೊದಲ ದಿನವೇ ನನ್ನ ಬಿಳಿ ಅಂಗಿಯ ಬೆನ್ನಿಗೆ ಕೆಸರಿನ ಉದ್ದ ಗೆರೆ ಬಿದ್ದಿತ್ತು. ಸಂಜೆಯವರೆಗೂ ಗೋಡೆಗೆ ಬೆನ್ನು ಕೊಟ್ಟೇ ಕುಳಿತಿದ್ದೆ!

ಬ್ರೇಕ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ರಿಮ್ ಹಿಡಿಯುವ ರಬ್ಬರ್ ಕಟ್ಟೆಗಳು ಒದ್ದೆಯಾದಾಗ ತಕ್ಷಣ ಹಿಡಿಯುವುದಿಲ್ಲ. ವೃತ್ತ ಇನ್ನೂ ದೂರವಿರುವಾಗಲೇ ಮೆಲ್ಲಗೆ ಒತ್ತುತ್ತಾ ಬನ್ನಿ. ರಿಮ್ಮಿನ ನೀರು ಒರೆಸಿಹೋದ ಮೇಲೆ ಹಿಡಿತ ಸಿಗುತ್ತದೆ. ನೀರು ನಿಂತ ಕಡೆ ನುಗ್ಗಬೇಡಿ, ಗುಂಡಿಯ ಆಳ ತಿಳಿಯುವುದಿಲ್ಲ. ಮನೆಗೆ ಬಂದು ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಡಿ.

ಕೊಡೆ ಹಿಡಿದು ಒಂದೇ ಕೈಯಲ್ಲಿ ತುಳಿಯುವ ಸಾಹಸ ಬೇಡ. ಹಿಂದಿನವರ ಕಂಬಳಿಕೊಪ್ಪೆಯ ಹಾಗೆ ತಲೆಯಿಂದ ಇಳಿಬೀಳುವ ಮಳೆಯಂಗಿ ಸಾಕು. ಒಳಗೆ ಗಾಳಿಯಾಡುತ್ತದೆ, ಅಷ್ಟಾಗಿ ಬೆವರುವುದಿಲ್ಲ. ಸಂಜೆ ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವುದಿದ್ದರೆ ಸೈಕಲ್ಲನ್ನು ಹೊರಗೇ ಬೀಗ ಹಾಕಿ ನಡೆದು ಹೋಗಿ. ಆ ಜನಸಂದಣಿಯಲ್ಲಿ ಕಾಲ್ನಡಿಗೆಯೇ ವೇಗ.