ಮೈಕ್ ಕಿರುಚುವುದೇಕೆ?

ಪ್ರಶ್ನೆ: ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ ಹತ್ತಿರ ಬಂದಿದೆ. ಜಾಮ್ ಮಾಡುವಾಗ ಗಾಯಕಿಗೆ ತನ್ನ ದನಿಯೇ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಮೈಕ್ ಕುಯ್ಯೆಂದು ಕಿರುಚುತ್ತದೆ. ಏನು ಮಾಡುವುದು?

ಉತ್ತರ: ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ನುಗ್ಗಿ ಸುತ್ತುಹೊಡೆಯುವುದೇ ಈ ಫೀಡ್‌ಬ್ಯಾಕ್. ಆದ್ದರಿಂದ ವಾಲ್ಯೂಮ್ ಮುಟ್ಟುವ ಮೊದಲು ಜಾಗ ಸರಿಪಡಿಸಿ. ಮುಖ್ಯ ಸ್ಪೀಕರುಗಳು ಮೈಕಿಗಿಂತ ಮುಂದೆ, ಕೇಳುಗರತ್ತ ತಿರುಗಿರಲಿ. ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಮುಂಬದಿಯ ಸದ್ದು ಹಿಡಿಯುವ ಬಗೆ) ಹಿಂಬದಿಯ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ, ಮಾನಿಟರನ್ನು, ಅಂದರೆ ಹಾಡುವವರಿಗೇ ಕೇಳಿಸಲು ಇಡುವ ಸ್ಪೀಕರನ್ನು, ಅದರ ನೇರ ಹಿಂದಿಡಿ. ಸೂಪರ್‌ಕಾರ್ಡಿಯಾಯ್ಡ್ (ಇನ್ನೂ ಕಿರಿದಾದ ದಿಕ್ಕಿನ ಸದ್ದು ಹಿಡಿಯುವ ಮೈಕ್) ಆದರೆ ಹಾಗಲ್ಲ: ಅದರ ಕಿವುಡು ದಿಕ್ಕು ಮುಂಬದಿಯಿಂದ ಸುಮಾರು 125 ಡಿಗ್ರಿಯಲ್ಲಿದೆ, ಮಾನಿಟರ್ ಓರೆಯಾಗಿರಬೇಕು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಈ ಗುಣವೇ ಕೆಡುತ್ತದೆ. ನೋಡಲು ಚೆಂದ, ಕೇಳಲು ಘೋರ.

ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಹತ್ತಿರ ನಿಂತು ಹಾಡಲಿ.

ನಿಜವಾದ ತೊಂದರೆ ಹೆಚ್ಚಾಗಿ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಯಾದ ಗಿಟಾರ್ ಆಂಪ್‌ನದು. ನೆಲದ ಮೇಲಿಟ್ಟರೆ ಅದು ವಾದಕನ ಮೊಣಕಾಲಿಗೆ ಕೇಳಿಸುತ್ತದೆ, ಆತ ಏರಿಸುತ್ತಲೇ ಹೋಗುತ್ತಾನೆ. ಸ್ಟೂಲಿನ ಮೇಲಿಟ್ಟು ಅವನ ಕಿವಿಯತ್ತ ವಾಲಿಸಿ, ಡ್ರಮ್ಸ್ ಮಟ್ಟಕ್ಕೆ ಇಳಿಸಿ. ಗಾಯಕಿಯ ಮಾನಿಟರಿನಲ್ಲಿ ಮೊದಲು ಅವಳ ದನಿಯೊಂದೇ ಇರಲಿ. ಶ್ರುತಿಗೆ ಬೇಕಾದಷ್ಟೇ ಕೀಬೋರ್ಡ್ ಸೇರಿಸಿ.