ವಿಐಎ ಪಟ್ಟಿ ಬಂದರೂ ವಾರ್ಡಿನ ಬೇಸರ ಹೋಗದಿದ್ದರೆ

ವಿಐಎ ಅಂದರೆ ನಮ್ಮ ಒಳ್ಳೆಯ ಗುಣಗಳಲ್ಲಿ ಯಾವುವು ಹೆಚ್ಚು ಬಲವಾಗಿವೆ ಅಂತ ಪಟ್ಟಿ ಮಾಡಿ ತೋರಿಸುವ ಪ್ರಶ್ನಾವಳಿ. ಅದರ 24 ಗುಣಗಳಲ್ಲಿ ನಿಮಗೆ ಕುತೂಹಲ, ದಯೆ ಮೇಲೆ ಬಂದವು, ಆದರೂ ವಾರ್ಡಿನಲ್ಲಿ ನರ್ಸಿಂಗ್ ಪೋಸ್ಟಿಂಗ್ ಮುಗಿಯುವಷ್ಟರಲ್ಲಿ ಬೇಸರ ಅಂದಿದ್ದೀರಿ. ಪಟ್ಟಿ ಓದಿ ಅಲ್ಲೇ ಬಿಟ್ಟಿದ್ದೇ ಕಾರಣ ಇರಬೇಕು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ತಂಡದ 2005ರ ಪ್ರಯೋಗದಲ್ಲಿ, ಗುಣ ಗುರುತಿಸಿ ಸುಮ್ನಾದವರಿಗೆ ಸಿಕ್ಕ ಖುಷಿ ಬೇಗ ಕರಗಿತು. ಒಂದು ವಾರ ದಿನಾ ಹೊಸ ರೀತಿಯಲ್ಲಿ ಬಳಸಿದವರಿಗೆ ಆರು ತಿಂಗಳವರೆಗೂ ಉಳಿಯಿತು.

ಮೊದಲು ಒಂದೇ ಗುಣ ಆರಿಸಿ. ಕುತೂಹಲವೇ ಇರಲಿ, ದಯೆ ಡ್ಯೂಟಿಯಲ್ಲಿ ಈಗಾಗಲೇ ಜಾಸ್ತಿ ಖರ್ಚಾಗುತ್ತಿದೆ ಅಲ್ವಾ. ಅದನ್ನು ಹೇಗೂ ಮಾಡುವ ಕೆಲಸಕ್ಕೇ ಸೇರಿಸಿ. ಬಿಪಿ ನೋಡಿ ತೋಳಿನ ಕಫ್ ಬಿಚ್ಚುವಾಗ, "ಈ ಸಲ ಹೊಲಕ್ಕೆ ಏನು ಹಾಕಿದ್ದೀರಿ ಅಜ್ಜ?" ಅಂತ ಕೇಳಿ. (ಕಫ್ ಕಟ್ಟಿರುವಾಗ ಬೇಡ. ಮಾತಾಡಿದರೆ ರೀಡಿಂಗ್ ಏರುತ್ತದೆ.) ಮರುದಿನ ಬೇರೆ ಏನಾದರೂ: ಕೇಸ್ ಶೀಟಿನಲ್ಲಿ ಗೊತ್ತಿಲ್ಲದ ಒಂದು ಔಷಧಿ ಯಾಕೆ ಕೊಟ್ಟಿದ್ದಾರೆ ಅಂತ ಸಿಸ್ಟರ್ ಹತ್ತಿರ ತಿಳಿದುಕೊಳ್ಳಿ. ಅವತ್ತು ಏನು ಮಾಡಿದಿರಿ, ಹೇಗನಿಸಿತು ಅಂತ ರಾತ್ರಿ ಒಂದು ಸಾಲು ಬರೆದಿಡಿ.

ವಾರದ ಕೊನೆಗೆ ಓದಿ ನೋಡಿ. ಹಿತ ಅನಿಸದಿದ್ದರೆ ಗುಣ ಬದಲಿಸಿ. ಆ ಪ್ರಯೋಗದಲ್ಲಿದ್ದವರು ಇಂಟರ್ನೆಟ್ ಮೂಲಕ ಸೇರಿದ ಸಾಮಾನ್ಯ ಜನ. ಹಾಗಾಗಿ ನೈಟ್ ಡ್ಯೂಟಿ ಮಾಡುವವರಿಗೂ ಅಷ್ಟೇ ಫಲ ಅಂತ ಖಾತ್ರಿ ಕೊಡಲಾರೆ. ನಿದ್ದೆ, ಊಟ ಎರಡು ವಾರದಿಂದ ಕೆಟ್ಟಿದ್ದರೆ ಇದಕ್ಕೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.