ಸ್ಲೊವೇನಿಯಾದ ಪ್ತುಯ್, ಮಾರಿಬೋರ್ ಕಡೆ ಯಾವ ಹಬ್ಬಕ್ಕೆ, ಯಾವಾಗ ಹೋಗಬೇಕು?

ಒಂದೇ ಸಲ ಹೋಗುವುದಾದರೆ ಪ್ತುಯ್ ಊರಿನ ಕುರೆಂಟೊವಾನ್ಯೆಗೆ ಹೋಗಿ. ಮೈತುಂಬ ಕುರಿಚರ್ಮ, ತೊಗಲಿನ ಮುಖವಾಡದಿಂದ ಇಳಿಬಿದ್ದ ಉದ್ದನೆಯ ಕೆಂಪು ನಾಲಿಗೆ: ಕುರೆಂಟರು ಎಂಬ ಈ ವೇಷಧಾರಿಗಳು ಸೊಂಟಕ್ಕೆ ಕಟ್ಟಿದ ದನದ ಗಂಟೆಗಳು ಮೊಳಗುವಂತೆ ಕುಣಿದು ಚಳಿಗಾಲವನ್ನು ಓಡಿಸುತ್ತಾರೆ. ಮನೆಯೊಡತಿ ಅವರ ಕಾಲಬುಡದಲ್ಲಿ ಮಡಕೆ ಒಡೆದರೆ ಶುಭವಂತೆ. ಅವರ ಈ ಮನೆಮನೆ ಸುತ್ತಾಟ 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಎಡವಟ್ಟಾಗುವುದು ದಿನಾಂಕದಲ್ಲಿ. ಈಸ್ಟರ್ ಸರಿದಂತೆ ಹಬ್ಬವೂ ಸರಿಯುತ್ತದೆ. ಈಸ್ಟರ್ ಭಾನುವಾರದಿಂದ 47 ದಿನ ಹಿಂದಕ್ಕೆ ಎಣಿಸಿದರೆ ಸಿಗುವ ಮಂಗಳವಾರವೇ ಕೊನೆಯ ದಿನ. 2027ರಲ್ಲಿ ಅದು ಫೆಬ್ರವರಿ 9. ಬುಧವಾರ ಬಂದಿಳಿದರೆ ಬರೀ ಖಾಲಿ ಬೀದಿ. ಅದರ ಹಿಂದಿನ ವಾರಾಂತ್ಯಕ್ಕೇ ತಲುಪಿ, ಮೆರವಣಿಗೆಗಳು ಆಗಲೇ.

ಮಾರಿಬೋರ್‌ನ ಲೆಂಟ್ ಉತ್ಸವ ಜೂನ್ ಕೊನೆಗೆ. ಹೆಸರು ಕೇಳಿ ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸದ ಕಾಲವಾದ ‘ಲೆಂಟ್’ ಅಂದುಕೊಳ್ಳಬೇಡಿ, ಲೆಂಟ್ ಅಲ್ಲಿನ ದ್ರಾವಾ ನದಿದಂಡೆಯ ಬಡಾವಣೆ. ವೈನ್ ಪ್ರಿಯರಿಗೆ ನವೆಂಬರ್ 11ರ ಸಂತ ಮಾರ್ಟಿನ್ ದಿನ.